ಬೆಂಕಿಯ ನಡುವೆ ನಿಂತು ನೋಡುವುದು: ಕಾಳ್ಗಿಚ್ಚನ್ನು ಒಬ್ಬ ಕಲಾವಿದ ಕಟ್ಟಿಕೊಡುವ ಬಗೆ

2025ರ ಜನವರಿ 7ರಂದು ಲಾಸ್ ಏಂಜಲೀಸ್‌ನ ಅಂಚಿನ ಗುಡ್ಡಗಳಲ್ಲಿ ಹೊತ್ತಿಕೊಂಡ ಬೆಂಕಿ ಕೆಲವೇ ಗಂಟೆಗಳಲ್ಲಿ ಬೀದಿಗಳಿಗೆ ನುಗ್ಗಿತು. ಆ ದಿನಗಳಲ್ಲಿ ಇಲ್ಲಿ ಕುಳಿತ ನಮ್ಮ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಎರಡು ಬಗೆಯ ಚಿತ್ರ. ಒಂದು, ಮೇಲಿನಿಂದ ನೋಡಿದ ನಕ್ಷೆ. ಅದರ ಮೇಲೆ ಕೆಂಪು ಕಲೆ, ಪಕ್ಕದಲ್ಲಿ ಎಕರೆಗಳ ಲೆಕ್ಕ. ಇನ್ನೊಂದು, ಓಡುವ ಕಾರಿನೊಳಗಿಂದ ಯಾರೋ ಮೊಬೈಲಿನಲ್ಲಿ ಹಿಡಿದ ದೃಶ್ಯ. ಎರಡೂ ಬದಿಯಲ್ಲಿ ಜ್ವಾಲೆ, ಎದುರಿಗೆ ಹೊಗೆ. ನಕ್ಷೆಯಿಂದ ಬೆಂಕಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ, ಹೇಗಿದೆ ಎಂಬುದು ಗೊತ್ತಾಗುವುದಿಲ್ಲ. ಮೊಬೈಲಿನ ದೃಶ್ಯದಲ್ಲಿ ಹೇಗಿದೆ ಎಂಬುದು ಮೈಗೆ ತಾಗುತ್ತದೆ, ಆದರೆ ಅದು ಎತ್ತ ಹೊರಟಿದೆ, ಮುಂದಿನ ತಿರುವಿನಲ್ಲಿ ದಾರಿ ಇದೆಯೋ ಇಲ್ಲವೋ ಎಂಬುದು ಕಾರು ಓಡಿಸುವವನಿಗೂ ತಿಳಿದಿಲ್ಲ.

ಈ ಎರಡು ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿ ಕೆಲಸ ಮಾಡುತ್ತಿರುವವರು ಡೆನಿಸ್ ಡೆಲ್ ಫಾವೆರೋ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಐಸಿನೆಮಾ ಎಂಬ ಸಂಶೋಧನಾ ಕೇಂದ್ರವನ್ನು ನಡೆಸುವ ಡಿಜಿಟಲ್ ಮಾಧ್ಯಮ ಕಲಾವಿದ ಅವರು. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿ ತನ್ನ ದೊಡ್ಡ ಗೌರವಗಳಲ್ಲಿ ಒಂದಾದ ಲಾರೇಟ್ ಫೆಲೋಶಿಪ್ ಅನ್ನು ಅವರಿಗೆ ಕೊಟ್ಟಿತು. ಆ ನೆರವಿನಿಂದ ವಿಜ್ಞಾನಿಗಳು ಮತ್ತು ಅಗ್ನಿಶಾಮಕ ಇಲಾಖೆಗಳ ಜೊತೆಗೂಡಿ ಅವರು ಕಟ್ಟಿದ ವ್ಯವಸ್ಥೆಯ ಹೆಸರು ಐಫೈರ್. ಅದರಲ್ಲಿ ನೋಡುಗ ಕಾಡಿನ ಬೆಂಕಿಯ ಒಳಗೇ ನಿಲ್ಲುತ್ತಾನೆ, ಸುತ್ತ ತಿರುಗಿ ನೋಡುತ್ತಾನೆ, ಜಾಗ ಬದಲಿಸುತ್ತಾನೆ, ಮೈಗೆ ಒಂದು ಕಿಡಿಯೂ ತಾಗದೆ ಹೊರಗೆ ಬರುತ್ತಾನೆ. ಇದು ಹೇಗೆ ಸಾಧ್ಯ, ಇದರಿಂದ ಏನು ಉಪಯೋಗ, ವಿಜ್ಞಾನಿಗಳ ಕೆಲಸಕ್ಕೆ ಕಲಾವಿದನೊಬ್ಬ ಏಕೆ ಬೇಕಾದ ಎಂಬುದನ್ನು ಬುಡದಿಂದ ನೋಡೋಣ.

ಇಮ್ಮರ್ಸಿವ್ ಎಂದರೇನು

ನೋಡುಗನನ್ನು ಹೀಗೆ ಚಿತ್ರದ ಒಳಗೇ ನಿಲ್ಲಿಸುವ ಪರದೆಗೆ ಇಮ್ಮರ್ಸಿವ್ ಎನ್ನುತ್ತಾರೆ. ಆ ಪದದ ಮೂಲ ಅರ್ಥ ಮುಳುಗಿಸುವುದು. ಕೆರೆಯ ದಡದಲ್ಲಿ ನಿಂತು ನೀರನ್ನು ನೋಡುವುದಕ್ಕೂ ಕೆರೆಗೆ ಇಳಿಯುವುದಕ್ಕೂ ಇರುವ ವ್ಯತ್ಯಾಸವೇ ಸಾಮಾನ್ಯ ಪರದೆಗೂ ಇಮ್ಮರ್ಸಿವ್ ಪರದೆಗೂ ಇದೆ. ಬೆಂಗಳೂರಿನ ನೆಹರು ತಾರಾಲಯಕ್ಕೆ ಹೋದವರಿಗೆ ಇದು ಹೊಸತಲ್ಲ. ಅಲ್ಲಿ ತಲೆಯ ಮೇಲೆ ಗುಮ್ಮಟ, ಗುಮ್ಮಟದ ತುಂಬ ಆಕಾಶ. ಚಿತ್ರದ ಚೌಕಟ್ಟು ಎಲ್ಲೂ ಕಾಣದಿರುವುದರಿಂದ ಮನಸ್ಸು ಅದನ್ನು ಚಿತ್ರವೆಂದು ಬಗೆಯುವುದನ್ನು ಬಿಟ್ಟು ಜಾಗವೆಂದು ಬಗೆಯತೊಡಗುತ್ತದೆ.

ಐಸಿನೆಮಾದಲ್ಲಿ ಗುಮ್ಮಟದ ಬದಲು ಉರುಟು ಗೋಡೆಯಂಥ ಪರದೆ ಇದೆ. ಸುಮಾರು 10 ಮೀಟರ್ ಅಡ್ಡಗಲ, 4 ಮೀಟರ್‌ನಷ್ಟು ಎತ್ತರ. ಹಳ್ಳಿಯ ದೊಡ್ಡ ಸೇದುವ ಬಾವಿಯ ತಳದಲ್ಲಿ ನಿಂತಂತೆ ಸುತ್ತಲೂ 360 ಡಿಗ್ರಿ ಗೋಡೆ, ಗೋಡೆಯ ತುಂಬ ದೃಶ್ಯ. ಇದನ್ನು ಮೊದಲು ಕಟ್ಟಿದಾಗ 12 ಪ್ರೊಜೆಕ್ಟರ್‌ಗಳನ್ನು ಜೋಡಿಜೋಡಿಯಾಗಿ ಇಟ್ಟಿದ್ದರು. ಜೋಡಿ ಏಕೆಂದರೆ ನಮಗೆ ಆಳ ಕಾಣುವುದು ಎರಡು ಕಣ್ಣುಗಳು ತುಸು ಬೇರೆಬೇರೆ ಚಿತ್ರಗಳನ್ನು ನೋಡುವುದರಿಂದ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಹೊರಟರೆ ಇದು ತಕ್ಷಣ ಅರಿವಾಗುತ್ತದೆ. ಜೋಡಿಯ ಒಂದು ಪ್ರೊಜೆಕ್ಟರ್ ಎಡಗಣ್ಣಿನ ಚಿತ್ರವನ್ನೂ ಇನ್ನೊಂದು ಬಲಗಣ್ಣಿನ ಚಿತ್ರವನ್ನೂ ಒಂದರ ಮೇಲೊಂದು ಬೀಳಿಸುತ್ತವೆ. ಎರಡೂ ಚಿತ್ರಗಳ ಬೆಳಕಿನ ಅಲೆಗಳು ಬೇರೆಬೇರೆ ರೀತಿಯಲ್ಲಿ ಕಂಪಿಸುವಂತೆ ಮಾಡಿರುತ್ತಾರೆ. ನೋಡುಗ ಹಾಕಿಕೊಂಡ ಕನ್ನಡಕದ ಪ್ರತಿ ಗಾಜು ತನ್ನ ಪಾಲಿನ ಬೆಳಕನ್ನಷ್ಟೇ ಒಳಬಿಡುತ್ತದೆ. ಪರದೆಗೆ ಬೆಳ್ಳಿ ಬಣ್ಣದ ಲೇಪ ಇರುವುದೂ ಇದೇ ಕಾರಣಕ್ಕೆ. ಸಾಮಾನ್ಯ ಬಿಳಿ ಪರದೆಗೆ ಬಡಿದ ಬೆಳಕು ಆ ಕಂಪನದ ದಿಕ್ಕನ್ನು ಕಳೆದುಕೊಂಡು ಎರಡೂ ಚಿತ್ರಗಳು ಕಲಸಿಹೋಗುತ್ತವೆ.

ತಲೆಗೆ ತೊಡುವ ವಿಆರ್ ಸಾಧನದಿಂದಲೂ ಇಂಥ ಅನುಭವ ಸಿಗುತ್ತದೆ. ಆದರೆ ಅದನ್ನು ತೊಟ್ಟವನು ಒಂಟಿ. ಉರುಟು ಪರದೆಯೊಳಗೆ ಹಲವರು ಒಟ್ಟಿಗೆ ನಿಂತು, ಬೆರಳು ತೋರಿಸಿ, ‘ಅಲ್ಲಿ ನೋಡಿ, ಹೊಗೆ ಬಾಗುತ್ತಿದೆ’ ಎಂದು ಮಾತನಾಡಿಕೊಳ್ಳಬಹುದು. ಬೆಂಕಿ ಆರಿಸುವುದು ತಂಡದ ಕೆಲಸವಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಬೆಂಕಿ ನಡೆಯುವ ಬಗೆ

ಚಿತ್ರವನ್ನು ಅರಿಯಬೇಕಾದರೆ ಮೊದಲು ಬೆಂಕಿಯನ್ನು ಅರಿಯಬೇಕು. ಬೆಂಕಿಗೆ ಮೂರು ಬೇಕು: ಉರುವಲು, ಗಾಳಿ, ಕಾವು. ಸೌದೆ ಒಲೆಯ ಮುಂದೆ ಕುಳಿತು ಊದುಕೊಳವೆ ಊದಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಡಿನಲ್ಲಿ ಈ ಮೂರರ ಜೊತೆಗೆ ನೆಲದ ಏರಿಳಿತ ಸೇರಿಕೊಳ್ಳುತ್ತದೆ.

ಬೆಂಕಿಕಡ್ಡಿಯನ್ನು ಗೀರಿ ತಲೆ ಮೇಲಿರುವಂತೆ ಹಿಡಿದರೆ ಜ್ವಾಲೆ ನಿಧಾನವಾಗಿ ಕೆಳಗಿಳಿಯುತ್ತದೆ. ತಲೆ ಕೆಳಗಿರುವಂತೆ ಹಿಡಿದರೆ ಸರ್ರನೆ ಬೆರಳಿಗೆ ಬರುತ್ತದೆ. ಗುಡ್ಡದ ಇಳಿಜಾರು ಅಂಥ ಕಡ್ಡಿ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ತಾಗುವ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಏರು ಪ್ರತಿ 10 ಡಿಗ್ರಿ ಹೆಚ್ಚಿದಾಗಲೂ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬುದು ಆಸ್ಟ್ರೇಲಿಯಾದ ಅಗ್ನಿಶಾಮಕ ಸಿಬ್ಬಂದಿ ಬಾಯಿಪಾಠ ಮಾಡಿಕೊಂಡಿರುವ ಲೆಕ್ಕ.

ಎರಡನೆಯದು ಕಿಡಿಗಳ ಹಾರಾಟ. ನೀಲಗಿರಿ ಮರದ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಜೋತಾಡುವುದನ್ನು ನಾವು ಕೋಲಾರ, ಚಿಕ್ಕಬಳ್ಳಾಪುರದ ತೋಪುಗಳಲ್ಲಿ ಕಂಡಿದ್ದೇವೆ. ನೀಲಗಿರಿಯ ತವರು ಆಸ್ಟ್ರೇಲಿಯಾ. ಅಲ್ಲಿನ ಕಾಡುಗಳಲ್ಲಿ ಇಂಥ ತೊಗಟೆಗಳು ಹೊತ್ತಿಕೊಂಡು, ಬಿಸಿಗಾಳಿಯ ಜೊತೆ ಮೇಲೇರಿ, ಗಾಳಿ ಹೋದತ್ತ ಹೋಗಿ, ಮೂಲ ಬೆಂಕಿಗಿಂತ ಬಹಳ ಮುಂದೆ ಬಿದ್ದು ಹೊಸ ಬೆಂಕಿ ಹಚ್ಚುತ್ತವೆ. 2009ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಎದ್ದ ಬೆಂಕಿಯಲ್ಲಿ 30 ಕಿ.ಮೀ. ದೂರದವರೆಗೂ ಕಿಡಿ ಬಿದ್ದ ದಾಖಲೆ ಇದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಉರಿಯುವ ಬೆಂಕಿಯ ಕಿಡಿ ದೇವನಹಳ್ಳಿಯ ಆಸುಪಾಸಿನಲ್ಲಿ ಬಿದ್ದಂತೆ. ನಡುವಿನ ಜಾಗದಲ್ಲಿ ಇರುವವರಿಗೆ ಬೆಂಕಿ ಬೆನ್ನ ಹಿಂದೆಯೂ ಇದೆ, ಕಣ್ಣ ಮುಂದೆಯೂ ಇದೆ.

ಮೂರನೆಯದು ಇನ್ನೂ ಭಯಾನಕ. ಬೆಂಕಿ ಬಹಳ ದೊಡ್ಡದಾದಾಗ ಅದು ತನ್ನ ಹವಾಮಾನವನ್ನು ತಾನೇ ಮಾಡಿಕೊಳ್ಳುತ್ತದೆ. ಕಾದ ಗಾಳಿ ರಭಸದಿಂದ ಮೇಲೇರುತ್ತದೆ. ಉರಿಯುವ ಗಿಡಮರಗಳ ತೇವವೂ ಅದರ ಜೊತೆ ಏರಿ, ಎತ್ತರದಲ್ಲಿ ತಣಿದು, ನಮ್ಮ ಏಪ್ರಿಲ್-ಮೇ ತಿಂಗಳ ಗುಡುಗುಮೋಡದಂಥ ಮೋಡ ಕಟ್ಟುತ್ತದೆ. ಇದಕ್ಕೆ ಬೆಂಕಿಮೋಡ ಎನ್ನಬಹುದು. ಅದರಲ್ಲಿ ಸಿಡಿಲಿದೆ, ಮಳೆ ಮಾತ್ರ ಬರುವುದೇ ಕಡಿಮೆ. ಸಿಡಿಲು ಬೇರೆ ಕಡೆ ಬಡಿದು ಬೆಂಕಿ ಹಚ್ಚುತ್ತದೆ. ಮೋಡದಿಂದ ಕೆಳಗಪ್ಪಳಿಸುವ ಗಾಳಿ ಬೆಂಕಿಯ ದಿಕ್ಕನ್ನು ಕ್ಷಣದಲ್ಲಿ ತಿರುಗಿಸುತ್ತದೆ. ಕೆಲವೊಮ್ಮೆ ಜ್ವಾಲೆ ಸುಳಿಗಾಳಿಯಾಗಿ ತಿರುಗತೊಡಗುತ್ತದೆ. 2003ರ ಜನವರಿ 18ರಂದು ಕ್ಯಾನ್‌ಬೆರಾ ನಗರದ ಬಳಿ ಎದ್ದ ಬೆಂಕಿಯ ಸುಂಟರಗಾಳಿ ವಿಜ್ಞಾನಿಗಳು ದೃಢಪಡಿಸಿದ ಮೊದಲ ಪ್ರಕರಣ. 2019ರ ಡಿಸೆಂಬರ್ 30ರಂದು ನ್ಯೂ ಸೌತ್ ವೇಲ್ಸ್‌ನಲ್ಲಿ ಟನ್‌ಗಟ್ಟಲೆ ತೂಕದ ಅಗ್ನಿಶಾಮಕ ವಾಹನವನ್ನು ಇಂಥದೇ ಗಾಳಿ ಮಗುಚಿಹಾಕಿತು. ಅದರಲ್ಲಿದ್ದ ಒಬ್ಬ ಸ್ವಯಂಸೇವಕ ಸತ್ತ.

ಅಳತೆಗೋಲು ಸಾಲದಾದಾಗ

ಕಾಡಿನ ಬೆಂಕಿಯ ಅಪಾಯವನ್ನು ಅಳೆಯಲು ಆಸ್ಟ್ರೇಲಿಯಾದಲ್ಲಿ 1960ರ ದಶಕದಿಂದ ಒಂದು ಸೂಚ್ಯಂಕ ಬಳಕೆಯಲ್ಲಿತ್ತು. ಬಿಸಿಲು, ಗಾಳಿ, ತೇವಾಂಶ, ಬರ ಎಲ್ಲವನ್ನೂ ಕೂಡಿಸಿ ಒಂದು ಅಂಕಿ. 1939ರ ಜನವರಿಯಲ್ಲಿ ವಿಕ್ಟೋರಿಯಾ ರಾಜ್ಯವನ್ನು ಸುಟ್ಟ ಕರಾಳ ಶುಕ್ರವಾರದ ಹವೆಯನ್ನು 100 ಎಂದು ಗೊತ್ತುಮಾಡಿದ್ದರು. ಅದಕ್ಕಿಂತ ಕೆಟ್ಟದ್ದನ್ನು ಆಗ ಯಾರೂ ಕಂಡಿರಲಿಲ್ಲ. 2009ರ ಫೆಬ್ರುವರಿ 7ರಂದು ಅದೇ ವಿಕ್ಟೋರಿಯಾದಲ್ಲಿ ಅಂಕಿ 100ನ್ನು ಬಹಳ ದೂರ ದಾಟಿತು. 173 ಜನ ಸತ್ತರು. ಆ ಮೇಲೆ ಅಪಾಯದ ಫಲಕಕ್ಕೆ ಹೊಸದೊಂದು ಮಟ್ಟವನ್ನೇ ಸೇರಿಸಬೇಕಾಯಿತು. 2022ರಲ್ಲಿ ಇಡೀ ವ್ಯವಸ್ಥೆಯನ್ನೇ ಬದಲಿಸಿದರು.

ಇಂಥ ಬೆಂಕಿಯನ್ನು ವೈಪರೀತ್ಯದ ಘಟನೆ ಎನ್ನುತ್ತಾರೆ. ಆ ಮಾತಿನ ಅರ್ಥ ಇಲ್ಲಿದೆ. ಅದು ಬರೀ ದೊಡ್ಡದು ಎಂದಷ್ಟೇ ಅಲ್ಲ. ಹಿಂದಿನವರ ನೆನಪಿನಲ್ಲಿ, ದಾಖಲೆಯಲ್ಲಿ, ಅಳತೆಗೋಲಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೂವತ್ತು ವರ್ಷ ಬೆಂಕಿ ಆರಿಸಿದವರ ಅನುಭವವೂ ಅಂಥ ದಿನ ಕೈಕೊಡಬಹುದು, ಏಕೆಂದರೆ ಆ ಅನುಭವ ಕೂಡಿಬಂದದ್ದು ಬೇರೆಯದೇ ಬೆಂಕಿಗಳ ಎದುರು.

2019-20ರ ಬೇಸಿಗೆ ಇದರ ದೊಡ್ಡ ಉದಾಹರಣೆ. 2019 ಆಸ್ಟ್ರೇಲಿಯಾದ ದಾಖಲೆಯಲ್ಲೇ ಅತ್ಯಂತ ಬಿಸಿಯ ಮತ್ತು ಅತ್ಯಂತ ಒಣ ವರ್ಷ. ಡಿಸೆಂಬರ್ 18ರಂದು ಇಡೀ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 41.9 ಡಿಗ್ರಿ ಮುಟ್ಟಿತ್ತು. ಕಾರಣಗಳಲ್ಲಿ ಒಂದು ಹಿಂದೂ ಮಹಾಸಾಗರದಲ್ಲೇ ಇತ್ತು. ಆ ವರ್ಷ ಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಇಂಡೊನೇಷ್ಯಾ ಕಡೆಯ ಪೂರ್ವ ಭಾಗ ತಣ್ಣಗಾಯಿತು. ಮಳೆ ತರುವ ಮೋಡಗಳು ಬೆಚ್ಚನೆಯ ನೀರಿನತ್ತ ವಾಲಿದವು. ಆ ವರ್ಷದ ನಮ್ಮ ಮುಂಗಾರಿಗೆ ಬಲ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಒಂದೇ ಕಡಲಿನ ಏರುಪೇರು ಒಂದು ದಡಕ್ಕೆ ಮಳೆಯನ್ನೂ ಇನ್ನೊಂದು ದಡಕ್ಕೆ ಬರವನ್ನೂ ಕಳಿಸಿತು. ಇದರ ಕೆಳಗೆ ಭೂಮಿ ಬಿಸಿಯಾಗುತ್ತಿರುವ ಪರಿಣಾಮವಿದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅಷ್ಟು ತೇವ ಸಿಗದಿದ್ದರೆ ಎಲೆ, ಕಡ್ಡಿ, ಮಣ್ಣಿನಿಂದ ಹೀರುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಒಗೆದ ಬಟ್ಟೆ ಎಷ್ಟು ಬೇಗ ಗರಿಗರಿಯಾಗುತ್ತದೆ ಎಂಬುದನ್ನು ನೆನೆದರೆ ಕಾಡಿನ ಗತಿ ಅರ್ಥವಾದೀತು.

ಆ ಬೇಸಿಗೆಯಲ್ಲಿ ಬೆಂಕಿಗೆ ನೇರವಾಗಿ ಸಿಕ್ಕಿ 33 ಜನ ಸತ್ತರು. ಅವರಲ್ಲಿ 9 ಮಂದಿ ಅಗ್ನಿಶಾಮಕ ಸಿಬ್ಬಂದಿ. 3,000ಕ್ಕೂ ಹೆಚ್ಚು ಮನೆಗಳು ಸುಟ್ಟವು. ಸಿಡ್ನಿಯ ವಾಯವ್ಯಕ್ಕೆ ಒಂದು ಸಿಡಿಲಿನಿಂದ ಹುಟ್ಟಿದ ಗಾಸ್ಪರ್ಸ್ ಮೌಂಟನ್ ಬೆಂಕಿಯೊಂದೇ 5 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲವನ್ನು ನುಂಗಿತು. ಸಿಡ್ನಿಯಲ್ಲಿ ನೆಲೆಸಿದ ಕನ್ನಡಿಗರೂ ಎಲ್ಲರಂತೆ ವಾರಗಟ್ಟಲೆ ಆ ಹೊಗೆಯನ್ನೇ ಉಸಿರಾಡಿದರು. ಮಲ್ಲಕೂಟ ಎಂಬ ಕಡಲತಡಿಯ ಊರಿನಲ್ಲಿ ಡಿಸೆಂಬರ್ 31ರ ಬೆಳಗ್ಗೆ ಆಕಾಶ ಮೊದಲು ಕಪ್ಪಾಗಿ ಆಮೇಲೆ ಕೆಂಪಾಯಿತು. ಸುಮಾರು 4,000 ಜನ ನೀರಿನ ಅಂಚಿಗೆ ಬಂದು ನಿಂತರು. ದಾರಿಗಳು ಮುಚ್ಚಿದ್ದರಿಂದ ಹಲವರನ್ನು ನೌಕಾಪಡೆಯ ಹಡಗಿನಲ್ಲಿ ಸಾಗಿಸಬೇಕಾಯಿತು.

ಲೆಕ್ಕದಿಂದ ಜ್ವಾಲೆಗೆ

ಐಫೈರ್‌ನ ಬೆಂಕಿ ಸಿನಿಮಾದ ಬೆಂಕಿಯಲ್ಲ. ಸಿನಿಮಾದಲ್ಲಿ ಜ್ವಾಲೆ ನಿರ್ದೇಶಕ ಹೇಳಿದತ್ತ ಹೋಗುತ್ತದೆ. ಇಲ್ಲಿ ಜ್ವಾಲೆ ಹೋಗುವುದು ಲೆಕ್ಕ ಹೇಳಿದತ್ತ.

ಲೆಕ್ಕ ಹೀಗೆ ಶುರುವಾಗುತ್ತದೆ. ಒಂದು ಕಾಡನ್ನು ಚೌಕಾಬಾರದ ಮನೆಗಳಂತೆ ಸಣ್ಣ ಚೌಕಗಳಾಗಿ ಭಾಗಿಸುತ್ತಾರೆ. ಪ್ರತಿ ಚೌಕಕ್ಕೂ ಒಂದಿಷ್ಟು ಮಾಹಿತಿ ತುಂಬುತ್ತಾರೆ: ಅಲ್ಲಿ ಹುಲ್ಲಿದೆಯೋ ಮರವಿದೆಯೋ, ಎಷ್ಟು ಒಣಗಿದೆ, ನೆಲ ಎತ್ತ ಇಳಿಜಾರಾಗಿದೆ, ಗಾಳಿ ಎಷ್ಟು. ಒಂದು ಚೌಕಕ್ಕೆ ಬೆಂಕಿ ಇಟ್ಟರೆ ಪಕ್ಕದ ಚೌಕ ಎಷ್ಟು ಹೊತ್ತಿಗೆ ಹೊತ್ತಿಕೊಳ್ಳುತ್ತದೆ ಎಂದು ಕಂಪ್ಯೂಟರ್ ಲೆಕ್ಕಹಾಕುತ್ತದೆ. ಅದರ ಪಕ್ಕದ್ದು, ಅದರಾಚೆಯದು, ಹೀಗೆ ಲಕ್ಷಗಟ್ಟಲೆ ಸಲ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಕಟ್ಟಿದ ಸ್ಪಾರ್ಕ್ ಎಂಬ ತಂತ್ರಾಂಶ ಈ ಬಗೆಯದು.

ಇದರಲ್ಲಿ ಒಂದು ಕೊರತೆ ಉಂಟು. ಗಾಳಿ ಬೆಂಕಿಯನ್ನು ತಳ್ಳುತ್ತದೆ ಎಂಬುದು ಲೆಕ್ಕದಲ್ಲಿ ಬಂತು. ಆದರೆ ಬೆಂಕಿಯೂ ಗಾಳಿಯನ್ನು ಬದಲಿಸುತ್ತದೆಯಲ್ಲವೇ? ಅದನ್ನೂ ಹಿಡಿಯುವ ಇನ್ನೊಂದು ಬಗೆಯ ಮಾದರಿಗಳಿವೆ. ಅವುಗಳಲ್ಲಿ ಹವಾಮಾನದ ಲೆಕ್ಕವೂ ಬೆಂಕಿಯ ಲೆಕ್ಕವೂ ಒಂದಕ್ಕೊಂದು ಉತ್ತರ ಕೊಡುತ್ತಾ ಸಾಗುತ್ತವೆ. ಜ್ವಾಲೆಯಿಂದ ಗಾಳಿ ಏರುತ್ತದೆ, ಏರಿದ ಗಾಳಿಯ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ನುಗ್ಗಿದ ಗಾಳಿ ಜ್ವಾಲೆಯನ್ನು ಬಾಗಿಸುತ್ತದೆ. ಐಫೈರ್ ದೃಶ್ಯವಾಗಿಸಿದ ಬೆಂಕಿಗಳಲ್ಲಿ ಒಂದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸುಮಾರು 8,000 ಎಕರೆ ಸುಟ್ಟ ಬ್ರಿಜರ್ ಫುಟ್‌ಹಿಲ್ಸ್ ಬೆಂಕಿ. ನಿಜವಾಗಿ ನಡೆದ ಬೆಂಕಿಯನ್ನು ಆಯ್ದುಕೊಳ್ಳುವುದರಿಂದ ಒಂದು ಅನುಕೂಲವಿದೆ: ಲೆಕ್ಕ ಹೇಳಿದ್ದನ್ನೂ ನೆಲದ ಮೇಲೆ ಆದದ್ದನ್ನೂ ಹೋಲಿಸಬಹುದು.

ಇಷ್ಟಾದ ಮೇಲೂ ಕೈಯಲ್ಲಿರುವುದು ಅಂಕಿಗಳ ರಾಶಿ. ಅದನ್ನು ಮರ, ಹೊಗೆ, ಬೆಳಕು, ಸದ್ದುಗಳಾಗಿ ಪರದೆಗೆ ತರಬೇಕು. ವಿಡಿಯೊ ಗೇಮ್ ಕಟ್ಟುವ ತಂತ್ರಜ್ಞಾನ ಇಲ್ಲಿ ನೆರವಿಗೆ ಬರುತ್ತದೆ, ಏಕೆಂದರೆ ನೋಡುಗ ತಿರುಗಿದತ್ತ ಆ ಕ್ಷಣದಲ್ಲೇ ದೃಶ್ಯ ಸಿದ್ಧವಾಗಬೇಕು. ಕೃತಕ ಬುದ್ಧಿಮತ್ತೆಯ ಬಳಕೆಯೂ ವೇಗಕ್ಕೆ ಸಂಬಂಧಿಸಿದ್ದು. ಭೌತಶಾಸ್ತ್ರದ ಪೂರ್ತಿ ಲೆಕ್ಕಕ್ಕೆ ಗಂಟೆಗಳು ಹಿಡಿಯಬಹುದು. ಸಾವಿರಾರು ಲೆಕ್ಕಗಳನ್ನು ನೋಡಿ ಕಲಿತ ಕಂಪ್ಯೂಟರ್ ಜಾಲ ಹತ್ತಿರದ ಉತ್ತರವನ್ನು ಬೇಗ ಕೊಡಬಲ್ಲದು. ಅನುಭವಿ ವ್ಯಾಪಾರಿ ತಕ್ಕಡಿಗೆ ಹಾಕದೆಯೇ ಕೈಯಲ್ಲಿ ಹಿಡಿದು ತೂಕ ಹೇಳಿದ ಹಾಗೆ. ತಕ್ಕಡಿಯಷ್ಟು ಖಚಿತವಲ್ಲ, ಆದರೆ ತಕ್ಷಣಕ್ಕೆ ಸಿಗುತ್ತದೆ.

ಕಲಾವಿದನೇ ಏಕೆ

ಲೆಕ್ಕವೆಲ್ಲ ವಿಜ್ಞಾನಿಗಳದ್ದಾದರೆ ಇಲ್ಲಿ ಕಲಾವಿದನ ಪಾಲು ಏನು? ಬಣ್ಣ ಹಚ್ಚುವುದು ಎಂದು ಉತ್ತರಿಸಿದರೆ ಅವನ ಕೆಲಸವನ್ನು ಕಿರಿದು ಮಾಡಿದಂತೆ.

ನಕ್ಷೆಯನ್ನು ಓದುವವನು ಬೆಂಕಿಗಿಂತ ಮೇಲಿದ್ದಾನೆ. ನೆಲದ ಮೇಲೆ ನಿಂತವನಿಗೆ ಮೇಲಿನ ನೋಟವಿಲ್ಲ. ಅವನಿಗೆ ಕಾಣುವುದು ಮರಗಳ ಸಂದಿಯ ಬೆಳಕು, ಹೊಗೆಯ ಬಣ್ಣ, ಒಮ್ಮೆಲೇ ನಿಂತ ಗಾಳಿ. ಇಂಥ ಕುರುಹುಗಳಿಂದ ಅವನು ನಿರ್ಧಾರ ಮಾಡಬೇಕು: ಇರುವುದೋ, ಹೊರಡುವುದೋ, ಹೊರಟರೆ ಎತ್ತ. ಯಾರು ಎಲ್ಲಿ ನಿಂತು ನೋಡುತ್ತಾರೆ, ಏನು ಕಾಣುತ್ತದೆ, ಏನು ಮರೆಯಾಗುತ್ತದೆ, ಸದ್ದು ಮೊದಲು ಬರುತ್ತದೆಯೋ ಬೆಳಕು ಮೊದಲು ಬರುತ್ತದೆಯೋ ಎಂಬುದು ದೃಶ್ಯಕಲೆಯವರು ಜೀವನವಿಡೀ ಕೇಳಿಕೊಳ್ಳುವ ಪ್ರಶ್ನೆಗಳು. ಡೆಲ್ ಫಾವೆರೋ ಅವರ ಕೇಂದ್ರ ಈ ಪ್ರಶ್ನೆಗಳ ಮೇಲೆ ಎರಡು ದಶಕಗಳಿಂದ ಕೆಲಸ ಮಾಡುತ್ತಿದೆ. ಇದೇ ಬಗೆಯ ತಂತ್ರವನ್ನು ಅವರು ಮೊದಲು ಗಣಿ ಕಾರ್ಮಿಕರ ಸುರಕ್ಷತಾ ತರಬೇತಿಗೂ ಬಳಸಿದ್ದರು. ಗಣಿಯ ಚಾವಣಿ ಕುಸಿಯುವುದನ್ನು ನಿಜವಾದ ಗಣಿಯಲ್ಲಿ ಕಲಿಸಲಾಗದು.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ವೈಪರೀತ್ಯದ ಬೆಂಕಿ ಹಿಂದೆ ಆದದ್ದರಂತೆ ಇರುವುದಿಲ್ಲ ಎಂದು ಮೇಲೆ ನೋಡಿದೆವು. ಆದ್ದರಿಂದ ಬರೀ ಹಳೆಯ ಬೆಂಕಿಯನ್ನು ಮರುಸೃಷ್ಟಿಸಿದರೆ ಸಾಲದು. ಗಾಳಿ ಇನ್ನಷ್ಟು ತಿರುಗಿದ್ದರೆ, ಕಾಡು ಇನ್ನೊಂದು ವಾರ ಒಣಗಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕು. ಇನ್ನೂ ಆಗದಿರುವುದನ್ನು ಆದಂತೆ ಕಾಣಿಸುವುದು ಕಲ್ಪನೆಯ ಕೆಲಸ. ಅಂಕೆಯಿಲ್ಲದ ಕಲ್ಪನೆ ಬರೀ ಹೆದರಿಸುತ್ತದೆ, ಲೆಕ್ಕವಷ್ಟೇ ಇದ್ದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಈ ಯೋಜನೆಯಲ್ಲಿ ಎರಡೂ ಒಂದನ್ನೊಂದು ಹಿಡಿದಿಟ್ಟಿವೆ.

ಎಚ್ಚರ ಬೇಕಾದ ಕಡೆ

ಈ ತಂತ್ರಜ್ಞಾನದ ಬಲವೇ ಅದರ ಅಪಾಯವೂ ಹೌದು. ನಕ್ಷೆಯಲ್ಲಿ ಬೆಂಕಿಯ ಅಂಚನ್ನು ಮಸುಕಾಗಿ ಬರೆದು ‘ಇಲ್ಲಿಂದ ಇಲ್ಲಿಯವರೆಗೆ ಎಲ್ಲಾದರೂ ಇರಬಹುದು’ ಎಂದು ತೋರಿಸಬಹುದು. ಸುತ್ತ ನಿಜದಂತೆ ಉರಿಯುವ ಮರ ‘ಬಹುಶಃ’ ಎನ್ನುವುದಿಲ್ಲ. ಲೆಕ್ಕಕ್ಕೆ ಕೊಟ್ಟ ಗಾಳಿಯ ಅಂಕಿಯಲ್ಲಿ ಸ್ವಲ್ಪ ತಪ್ಪಿದ್ದರೂ ಜ್ವಾಲೆ ಬೇರೆ ಕಣಿವೆಗೆ ಇಳಿಯುತ್ತದೆ, ಆದರೆ ನೋಡುಗನಿಗೆ ಅದು ಕಣ್ಣಾರೆ ಕಂಡ ಸತ್ಯವಾಗಿ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಒಂದೇ ಬೆಂಕಿಯನ್ನು ಬೇರೆಬೇರೆ ಅಂಕಿಗಳಿಂದ ಹಲವು ಸಲ ತೋರಿಸುವುದು ಅಗತ್ಯ.

ಕಾವು, ಕಣ್ಣುರಿ, ಹೊಗೆಗೆ ಬರುವ ಕೆಮ್ಮು ಈ ಪರದೆಯಲ್ಲಿಲ್ಲ. ಕಣ್ಣು ಚಲನೆಯನ್ನು ಕಾಣುತ್ತಿದ್ದು ಮೈ ನಿಂತೇ ಇರುವುದರಿಂದ ಕೆಲವರಿಗೆ ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವಂತೆ ತಲೆಸುತ್ತು ಬರಬಹುದು. ಬೆಂಕಿಯಲ್ಲಿ ಮನೆ ಕಳೆದುಕೊಂಡವರನ್ನು ಕೇಳದೆ ಕೇಳಿಸಿಕೊಳ್ಳದೆ ಮತ್ತೆ ಬೆಂಕಿಯ ನಡುವೆ ನಿಲ್ಲಿಸುವುದು ಕ್ರೌರ್ಯವಾದೀತು. ಬೃಹತ್ ಪರದೆ ಎಲ್ಲ ಊರಿಗೂ ಸಿಗುವಂಥದ್ದಲ್ಲ ಎಂಬ ಕಾರಣಕ್ಕೆ ಐಫೈರ್ ಅನ್ನು ಸಣ್ಣ ಪರದೆ ಮತ್ತು ಲ್ಯಾಪ್‌ಟಾಪ್‌ನಲ್ಲೂ ನಡೆಯುವಂತೆ ಕಟ್ಟಿದ್ದಾರೆ.

ಬಂಡೀಪುರದಿಂದ ನೋಡಿದರೆ

ನಮ್ಮ ಕಾಡಿನ ಬೆಂಕಿ ಆಸ್ಟ್ರೇಲಿಯಾದ್ದಲ್ಲ. ಅಲ್ಲಿ ಜ್ವಾಲೆ ಮರದ ನೆತ್ತಿಯಿಂದ ನೆತ್ತಿಗೆ ಹಾರುತ್ತದೆ. ಇಲ್ಲಿ ಬಹುಪಾಲು ನೆಲದ ತರಗೆಲೆ, ಒಣಹುಲ್ಲು, ಲಂಟಾನ ಪೊದೆಗಳಲ್ಲಿ ಹರಿಯುತ್ತದೆ. ಹಚ್ಚುವುದೂ ಹೆಚ್ಚಾಗಿ ಸಿಡಿಲಲ್ಲ, ಮನುಷ್ಯ. ಆದರೂ 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಾಗ, ಗಾಳಿಯ ರಭಸದ ಎದುರು ಬೆಂಕಿರೇಖೆಗಳು, ಅಂದರೆ ಬೆಂಕಿ ದಾಟದಂತೆ ಮೊದಲೇ ತೆರವು ಮಾಡಿಟ್ಟ ನೆಲದ ಪಟ್ಟಿಗಳು, ಸಾಕಾಗಲಿಲ್ಲ. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು.

ಇಂದು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿಯನ್ನು ಪತ್ತೆಹಚ್ಚಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಆ ಉಪಗ್ರಹದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 375 ಮೀಟರ್ ಉದ್ದಗಲದ ಚೌಕ. ಚುಕ್ಕೆ ಕಾಣಿಸಿಕೊಂಡಿತು, ಸಂದೇಶ ತಲುಪಿತು, ಅಲ್ಲಿಂದ ಮುಂದಿನದು ಕಾಲ್ನಡಿಗೆಯಲ್ಲಿ ಹೋಗಿ ಹಸಿಸೊಪ್ಪಿನಿಂದ ಬಡಿದು ಆರಿಸುವ ಬೆಂಕಿ ಕಾವಲುಗಾರರ ಪಾಲು. ಹೆಚ್ಚಿನವರು ಕಾಡಂಚಿನ ಹಾಡಿಗಳಿಂದ, ಹಳ್ಳಿಗಳಿಂದ ಬೇಸಿಗೆಯ ಕೆಲವು ತಿಂಗಳ ಮಟ್ಟಿಗೆ ಕೂಲಿಗೆ ಬಂದವರು.

ಬಂಡೀಪುರಕ್ಕೋ ಚಾರ್ಮಾಡಿಯ ಹುಲ್ಲುಗಾವಲಿಗೋ ಒಂದು ಐಫೈರ್ ಕಟ್ಟಬೇಕೆಂದರೆ ಇಳಿಜಾರಿನ ಮಾಹಿತಿ ಉಪಗ್ರಹಗಳಿಂದ ಸಿಗುತ್ತದೆ. ಲಂಟಾನ ಯಾವ ಪೊದೆಯಲ್ಲಿ ಎಷ್ಟು ಎತ್ತರ ಬೆಳೆದು ಎಷ್ಟು ಒಣಗಿದೆ ಎಂಬುದನ್ನು ನೆಲದಲ್ಲಿ ನಡೆದೇ ಅಳೆಯಬೇಕು. ಮಧ್ಯಾಹ್ನ ಯಾವ ಹೊತ್ತಿಗೆ ಯಾವ ಕಣಿವೆಯಲ್ಲಿ ಗಾಳಿ ತಿರುಗುತ್ತದೆ ಎಂಬುದನ್ನು, ವರ್ಷವರ್ಷವೂ ಅದೇ ಇಳಿಜಾರಿನಲ್ಲಿ ಸೊಪ್ಪು ಹಿಡಿದು ನಿಂತ ಆ ಕಾವಲುಗಾರರನ್ನೇ ಕೇಳಿ ಬರೆದುಕೊಳ್ಳಬೇಕು.